ತುಬಚಿಯ ಉತಾರವೂ ಗಣಕಜಾಲವೂ



ಜಮಖಂಡಿ ತಾಲ್ಲೂಕಿನ ತುಬಚಿ ಕೃಷ್ಣಾ ನದಿಯ ಸೀಮೆಯ ಊರು. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಊರನ್ನು ಕಾಣದವರಿಗೂ ಅದರ ಹೆಸರು ಗೊತ್ತು. ಈ ಊರಿನ ರೈತನಿಗೆ ಹೊಲ ಎಷ್ಟು ಮುಖ್ಯವೋ ಹೊಲದ ಉತಾರವೂ ಅಷ್ಟೇ ಮುಖ್ಯ. ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನೇ ಪಹಣಿ ಎನ್ನುತ್ತಾರೆ. ಹೊಲ ಯಾರದು, ಎಷ್ಟು ಎಕರೆ, ಏನು ಬೆಳೆ, ಯಾವ ಸಾಲದ ಬೋಜಾ ಇದೆ ಎಂಬುದೆಲ್ಲ ಅದರಲ್ಲಿರುತ್ತದೆ. ಬ್ಯಾಂಕಿನ ಸಾಲಕ್ಕೆ, ಬೆಳೆ ಪರಿಹಾರಕ್ಕೆ, ಅಣ್ಣತಮ್ಮಂದಿರ ವಾಟಣಿಗೆ, ಎಲ್ಲಕ್ಕೂ ಉತಾರ ಬೇಕು. ಗಣಕಯಂತ್ರಗಳು ಒಂದನ್ನೊಂದು ಕೂಡಿಕೊಂಡು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಈ ಒಂದು ಹಾಳೆಯನ್ನೇ ಮುಂದಿಟ್ಟುಕೊಂಡು ಇಂದು ತಿಳಿಯೋಣ.

ಮೊದಲು ಉತಾರದ ಮೂಲ ಪುಸ್ತಕ ಗ್ರಾಮಲೆಕ್ಕಿಗರ ಬಳಿ ಇರುತ್ತಿತ್ತು. ನಮ್ಮ ಉತ್ತರದ ಕಡೆ ಅವರನ್ನು ತಲಾಟಿ ಎಂದು ಕರೆಯುವ ರೂಢಿ. ರಾಜ್ಯದಲ್ಲಿ ಇಂಥ ಸುಮಾರು 9,000 ಮಂದಿ ಗ್ರಾಮಲೆಕ್ಕಿಗರಿದ್ದರು. ಪುಸ್ತಕ ಒಂದೇ, ಅದು ಇರುವುದೂ ಒಂದೇ ಕಡೆ. ತಲಾಟಿ ಬೇರೆ ಊರಿಗೆ ಹೋಗಿದ್ದರೆ ರೈತ ಕಾಯಬೇಕು. ಪುಸ್ತಕದಲ್ಲಿ ಯಾರಾದರೂ ಗೀಟು ಹಾಕಿ ಹೆಸರು ತಿದ್ದಿದರೆ ಅದು ಯಾವಾಗ, ಯಾರ ಕೈಯಿಂದ ಆಯಿತೆಂದು ಹೇಳುವುದು ಕಷ್ಟ.

ಕರ್ನಾಟಕದ ಕಂದಾಯ ಇಲಾಖೆ ಮತ್ತು ಎನ್.ಐ.ಸಿ. ಸಂಸ್ಥೆ ಸೇರಿ ರೂಪಿಸಿದ ‘ಭೂಮಿ’ ಯೋಜನೆ ಈ ಸ್ಥಿತಿಯನ್ನು ಬದಲಿಸಿತು. 2001–02ರ ವೇಳೆಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರ ಸೇರಿದವು. ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಉತಾರ ಕೈಗೆ ಬರುತ್ತಿತ್ತು. ಕೈಬರಹದ ಉತಾರಕ್ಕೆ ಕಾನೂನಿನ ಮಾನ್ಯತೆ ನಿಂತಿತು.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಕಚೇರಿಯಲ್ಲಿ ನಾಲ್ಕು ಗಣಕಯಂತ್ರಗಳಿವೆ ಎನ್ನಿ. ತಾಲ್ಲೂಕಿನ ಎಲ್ಲ ದಾಖಲೆಗಳನ್ನೂ ನಾಲ್ಕರಲ್ಲೂ ತುಂಬಿಸಿದರೆ ಆಗದೇ? ಆಗದು. ಒಂದು ಯಂತ್ರದಲ್ಲಿ ಹೆಸರು ತಿದ್ದಿದರೆ ಉಳಿದ ಮೂರರಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಒಂದು ಹೊಲಕ್ಕೆ ಇಬ್ಬರು ಒಡೆಯರು ಹುಟ್ಟಿಕೊಳ್ಳುತ್ತಾರೆ. ಆದ್ದರಿಂದ ದಾಖಲೆ ಒಂದೇ ಕಡೆ ಇರಬೇಕು, ಆದರೆ ಹಲವರ ಕೈಗೆ ಸಿಗಬೇಕು. ಒಂದೇ ಕಡೆ ಇಟ್ಟುಕೊಂಡು ಕೇಳಿದವರಿಗೆಲ್ಲ ಒದಗಿಸುವ ಯಂತ್ರವೇ ಸರ್ವರ್. ಅದರ ಬಳಿ ಕೋರಿಕೆ ಸಲ್ಲಿಸುವ ಯಂತ್ರ ಕ್ಲೈಂಟ್. ಇವೆರಡರ ನಡುವೆ ತಂತಿಯ ಅಥವಾ ನಿಸ್ತಂತು ಸಂಪರ್ಕವೇ ಜಾಲ.

ತಂತಿ ಎಳೆದ ಮಾತ್ರಕ್ಕೆ ಹಂಚಿಕೆ ನಡೆಯುವುದಿಲ್ಲ. ನಮ್ಮ ಊರುಗಳಲ್ಲಿ ನಾಲ್ವರು ಅಣ್ಣತಮ್ಮಂದಿರಿಗೆ ಒಂದೇ ಬಾವಿ ಇದ್ದಾಗ ಪಾಳಿಯ ಕಟ್ಟಳೆ ಇರುತ್ತದೆ. ಇಂದು ಯಾರ ಪಾಳಿ, ಎಷ್ಟು ಹೊತ್ತು ಪಂಪು ನಡೆಯಬೇಕು, ಹೊರಗಿನವರಿಗೆ ನೀರು ಬಿಡಬಹುದೇ ಎಂಬುದು ಅಲ್ಲಿ ನಿಶ್ಚಯವಾಗಿರುತ್ತದೆ. ಗಣಕಜಾಲದಲ್ಲಿ ಈ ಕಟ್ಟಳೆಯನ್ನು ನಡೆಸುವ ತಂತ್ರಾಂಶಕ್ಕೆ ಜಾಲ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. 1983ರಲ್ಲಿ ಬಂದ ನೊವೆಲ್ ಕಂಪನಿಯ ನೆಟ್‌ವೇರ್, 1993ರಲ್ಲಿ ಬಂದ ವಿಂಡೋಸ್ ಎನ್.ಟಿ. ಇಂಥವು. ಯುನಿಕ್ಸ್ ಮತ್ತು 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕೂಡ ಇದೇ ಕೆಲಸ ಮಾಡುತ್ತವೆ. ನೆಟ್‌ವೇರ್ ಕಾಲ ಮುಗಿದಿದೆ. ಇಂದು ಜಗತ್ತಿನ ಬಹುಪಾಲು ದೊಡ್ಡ ಸರ್ವರ್‌ಗಳಲ್ಲಿ ಲಿನಕ್ಸ್ ಇದೆ.

ಈ ವ್ಯವಸ್ಥೆ ಮಾಡುವ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗುರುತು ಹಿಡಿಯುವುದು. ಬಂದವನು ಯಾರು? ಸಾಮಾನ್ಯವಾಗಿ ಇದಕ್ಕೆ ಹೆಸರು ಮತ್ತು ಗುಪ್ತಪದ ಸಾಕು. ಆದರೆ ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಬಿಡಬಹುದು. ಆದ್ದರಿಂದ ಭೂಮಿ ಯೋಜನೆಯಲ್ಲಿ ಸಿಬ್ಬಂದಿಯ ಬೆರಳಚ್ಚನ್ನೇ ಕೀಲಿಯಾಗಿ ಬಳಸಿದರು. ‘ನಾನು ಮಾಡಿದ್ದಲ್ಲ’ ಎನ್ನಲು ಅವಕಾಶ ಉಳಿಯಲಿಲ್ಲ.

ಎರಡನೆಯದು ಅಧಿಕಾರ ಹಂಚುವುದು. ಒಳಗೆ ಬಂದವರೆಲ್ಲ ಎಲ್ಲವನ್ನೂ ಮಾಡುವಂತಿಲ್ಲ. ಒಬ್ಬರು ಓದಬಹುದು, ಒಬ್ಬರು ಅರ್ಜಿ ದಾಖಲಿಸಬಹುದು, ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರ ಮತ್ತೊಬ್ಬರದು. ಕಂದಾಯ ಕಚೇರಿಯಲ್ಲಿ ಗುಮಾಸ್ತರು, ಕಂದಾಯ ನಿರೀಕ್ಷಕರು, ಶಿರಸ್ತೇದಾರರು ಎಂಬ ಮೆಟ್ಟಿಲುಗಳು ಇದ್ದೇ ಇದ್ದವು. ಗಣಕಯಂತ್ರ ಆ ಮೆಟ್ಟಿಲುಗಳನ್ನು ತಪ್ಪಿಸಿ ಹಾರದಂತೆ ನೋಡಿಕೊಂಡಿತು.

ಮೂರನೆಯದು ಬೀಗ. ಒಂದೇ ಉತಾರವನ್ನು ಇಬ್ಬರು ಒಟ್ಟಿಗೆ ತಿದ್ದಲು ಹೊರಟರೆ ನಂತರ ಉಳಿಸಿದವನ ಬರಹ ಮೊದಲಿನವನದನ್ನು ಅಳಿಸಿಬಿಡುತ್ತದೆ. ಆದ್ದರಿಂದ ಮೊದಲು ಬಂದವನಿಗೆ ಆ ದಾಖಲೆಯ ಬೀಗ ಸಿಗುತ್ತದೆ, ಎರಡನೆಯವನು ಕಾಯುತ್ತಾನೆ. ದೂರದರ್ಶನದ ಸಂಕಲನ ಕೋಣೆಯಲ್ಲೂ ಇದೇ ಕ್ರಮ. ಒಂದೇ ದೃಶ್ಯಸಂಗ್ರಹವನ್ನು ಹಲವು ಸಂಕಲನಕಾರರು ನೋಡಬಹುದು, ಆದರೆ ಒಂದು ಕಾರ್ಯಕ್ರಮದ ಕಡತವನ್ನು ಒಮ್ಮೆಗೆ ಒಬ್ಬರೇ ತಿದ್ದುತ್ತಾರೆ.

ನಾಲ್ಕನೆಯದನ್ನು ದತ್ತಸಂಚಯ ತಂತ್ರಾಂಶ ನೋಡಿಕೊಳ್ಳುತ್ತದೆ. ನಾಲ್ಕು ಎಕರೆ ಹೊಲ ಇಬ್ಬರು ತಮ್ಮಂದಿರಿಗೆ ಎರಡೆರಡು ಎಕರೆಯಾಗಿ ಹಂಚಿಕೆಯಾಯಿತು ಎನ್ನಿ. ಹಳೆಯ ನಮೂದು ತೆಗೆಯಬೇಕು, ಹೊಸ ಎರಡು ನಮೂದು ಸೇರಿಸಬೇಕು. ಮೊದಲ ತಮ್ಮನ ಹೆಸರು ಬರೆದೊಡನೆ ಕರೆಂಟು ಹೋದರೆ? ಎರಡನೆಯವನ ಹೊಲ ಕಾಗದದಿಂದಲೇ ಮಾಯವಾದೀತು. ಇದಕ್ಕಾಗಿ ಒಂದು ನಿಯಮವಿದೆ: ವ್ಯವಹಾರ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು. ಕರೆಂಟು ಮರಳಿದಾಗ ಸರ್ವರ್ ಅರ್ಧ ಕೆಲಸವನ್ನು ರದ್ದುಮಾಡಿ ಹಳೆಯ ನಮೂದನ್ನು ಇದ್ದಂತೆಯೇ ಇಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಬರೀ ಕಡತ ಹಂಚುವ ಸರ್ವರ್ ಆದರೆ ಒಂದು ಸರ್ವೆ ನಂಬರು ಹುಡುಕಲು ಇಡೀ ಪುಸ್ತಕವನ್ನೇ ನಿಮ್ಮ ಮೇಜಿಗೆ ಕಳಿಸಬೇಕಾಗುತ್ತದೆ. ಕ್ಲೈಂಟ್–ಸರ್ವರ್ ಪದ್ಧತಿಯಲ್ಲಿ ಹಾಗಲ್ಲ. ಕ್ಲೈಂಟ್‌ನಿಂದ ಪ್ರಶ್ನೆ ಮಾತ್ರ ಹೋಗುತ್ತದೆ, ಹುಡುಕಾಟ ಸರ್ವರ್‌ನಲ್ಲೇ ನಡೆಯುತ್ತದೆ, ಬೇಕಾದ ಒಂದು ಹಾಳೆ ಮಾತ್ರ ಮರಳಿ ಬರುತ್ತದೆ. ತೆಳುವಾದ ತಂತಿಯಲ್ಲೂ ಕೆಲಸ ಸಾಗುವುದು ಇದರಿಂದಲೇ.

ಆರಂಭದಲ್ಲಿ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್ ಇತ್ತು. ಜಮಖಂಡಿಯ ಯಂತ್ರ ಕೆಟ್ಟರೆ ಜಮಖಂಡಿಯ ಕೆಲಸ ಮಾತ್ರ ನಿಲ್ಲುತ್ತಿತ್ತು, ಮುಧೋಳದ್ದು ನಡೆಯುತ್ತಿತ್ತು. ಆದರೆ ತುಬಚಿಯ ಉತಾರ ಬೇಕಾದವರು ಜಮಖಂಡಿಗೇ ಹೋಗಬೇಕಿತ್ತು. ನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿದವು. ಈಗ ನಾಡಕಚೇರಿಯಲ್ಲೂ, ಮನೆಯಲ್ಲೇ ಕುಳಿತೂ ಉತಾರ ಪಡೆಯಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ನದೀತೀರದ ಊರುಗಳಿಗೆ ನೀರು ನುಗ್ಗಿತು. ಅಂಥ ನೆರೆಯಲ್ಲಿ ಮನೆಯ ಟ್ರಂಕಿನ ಕಾಗದ ತೊಯ್ದುಹೋದರೂ ದೂರದ ಕೇಂದ್ರದಲ್ಲಿರುವ ದಾಖಲೆ ತೊಯ್ಯದು. ಇದು ದೊಡ್ಡ ಲಾಭ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಎಲ್ಲರೂ ಒಂದೇ ಬಾಗಿಲಿಗೆ ಬಂದರೆ ಆ ಬಾಗಿಲು ಮುಚ್ಚಿದಾಗ ಎಲ್ಲರೂ ಹೊರಗುಳಿಯುತ್ತಾರೆ. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶಕ್ಕೆ 2025ರ ಜನವರಿಯಲ್ಲಿ ದುರುದ್ದೇಶದಿಂದ ಲಕ್ಷಾಂತರ ಸುಳ್ಳು ಕೋರಿಕೆಗಳನ್ನು ಕಳಿಸಲಾಯಿತು. ಸರ್ವರ್ ಆ ಸುಳ್ಳು ಕೋರಿಕೆಗಳಿಗೆ ಉತ್ತರಿಸುವುದರಲ್ಲೇ ದಣಿಯಿತು. ನಿಜವಾದ ಕೆಲಸಕ್ಕೆ ಬಂದ ಜನ ರಾಜ್ಯದುದ್ದಕ್ಕೂ ನೋಂದಣಿ ಕಚೇರಿಗಳಲ್ಲಿ ಕಾಯುವಂತಾಯಿತು. ಯಾರೂ ಬೀಗ ಒಡೆಯಬೇಕಾಗಿರಲಿಲ್ಲ, ಬಾಗಿಲ ಮುಂದೆ ಸುಳ್ಳು ಗುಂಪು ನಿಲ್ಲಿಸಿದ್ದೇ ಸಾಕಾಯಿತು.

ಇನ್ನೊಂದು ಮಾತು. ಸರ್ವರ್ ತನ್ನಲ್ಲಿರುವುದನ್ನು ಪ್ರಾಮಾಣಿಕವಾಗಿ ಹಂಚುತ್ತದೆ, ಆದರೆ ಅದು ಸರಿಯೋ ತಪ್ಪೋ ಎಂದು ಅರಿಯದು. ಅಜ್ಜನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ಬೆರಳಚ್ಚಾಗಿದ್ದರೆ ಆ ತಪ್ಪು ಬ್ಯಾಂಕಿಗೂ ಹೋಗುತ್ತದೆ, ಪರಿಹಾರದ ಪಟ್ಟಿಗೂ ಹೋಗುತ್ತದೆ. ಹಂಚಿಕೆ ವೇಗವಾದಷ್ಟೂ ತಪ್ಪಿನ ವೇಗವೂ ಹೆಚ್ಚು. ಆದ್ದರಿಂದ ಮನೆಯಲ್ಲಿ ಓದು ಬಲ್ಲ ನೀವು ಉತಾರ ತಂದಾಗ ಹಿರಿಯರಿಗೆ ಅದನ್ನು ಅಕ್ಷರ ಅಕ್ಷರ ಓದಿ ಹೇಳಬೇಕು.

‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಮಾತು ಇಂದು ಹಳ್ಳಿಹಳ್ಳಿಗೂ ಗೊತ್ತು. ಅದನ್ನು ಕೇಳಿ ಸುಮ್ಮನೆ ಮರಳಬೇಡಿ. ವಿನಯದಿಂದಲೇ ವಿಚಾರಿಸಿ. ಈ ಮೇಜಿನ ಯಂತ್ರ ಕೆಟ್ಟಿದೆಯೇ? ಹಾಗಾದರೆ ಪಕ್ಕದ ಮೇಜಿನಲ್ಲಿ ಕೆಲಸ ಆದೀತು. ಈ ಊರಿನ ಸಂಪರ್ಕ ಕಡಿದಿದೆಯೇ? ಹಾಗಾದರೆ ಬೇರೆ ಊರಿನ ಕೇಂದ್ರದಲ್ಲಿ ಆದೀತು. ಕೇಂದ್ರದ ಸರ್ವರ್ ನಿಂತಿದೆಯೇ? ಆಗ ಮಾತ್ರ ಎಲ್ಲರೂ ಕಾಯಬೇಕು. ಎಲ್ಲ ಸರಿಯಿದ್ದು ಅಧಿಕಾರಿಯ ಒಪ್ಪಿಗೆ ಬಾಕಿಯಿದ್ದರೆ ಅದು ಯಂತ್ರದ ದೋಷವೇ ಅಲ್ಲ. ನಾಲ್ಕಕ್ಕೂ ಹೆಸರು ಒಂದೇ ಆಗಿಬಿಟ್ಟಿದೆ, ಪರಿಹಾರ ಮಾತ್ರ ಬೇರೆ ಬೇರೆ. ದಿನದ ಕೂಲಿ ಬಿಟ್ಟು ಬಂದ ರೈತನಿಗೆ ಈ ವ್ಯತ್ಯಾಸ ತಿಳಿದರೆ ಒಂದು ದಿನ ಉಳಿದೀತು.

ನಿಮ್ಮ ಶಾಲೆಯಲ್ಲಿ ಗಣಕ ಪ್ರಯೋಗಾಲಯವಿದ್ದರೆ ಶಿಕ್ಷಕರ ಅನುಮತಿ ಪಡೆದು ಒಂದು ಪ್ರಯೋಗ ಮಾಡಿ. ಒಂದು ಯಂತ್ರದ ಕಡತಕೋಶವನ್ನು ಜಾಲದಲ್ಲಿ ಹಂಚಿ, ಮೊದಲು ಓದಲು ಮಾತ್ರ ಅನುಮತಿ ಕೊಟ್ಟು, ಬೇರೆ ಯಂತ್ರದಿಂದ ತಿದ್ದಲು ನೋಡಿ. ನಂತರ ತಿದ್ದುವ ಅನುಮತಿಯನ್ನೂ ಕೊಟ್ಟು ಎರಡು ಯಂತ್ರಗಳಿಂದ ಒಂದೇ ಕಡತ ತೆರೆಯಿರಿ. ಪರದೆ ಏನು ಹೇಳುತ್ತದೆ ಎಂಬುದನ್ನು ಬರೆದಿಡಿ. ತುಬಚಿಯ ಉತಾರವನ್ನು ಕಾಯುವ ಕಟ್ಟಳೆ ನಿಮ್ಮ ಕಣ್ಣೆದುರೇ ಕಾಣುತ್ತದೆ.