ಸುದ್ದಿಯಲ್ಲಿ ಅವಳ ಮಾತು ಎಲ್ಲಿದೆ?

(ಕನ್ನಡ ಸಂಘದ ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಮಾಜಿಕ ಜಾಲತಾಣ ಮತ್ತು ಸುದ್ದಿ ಮಾಧ್ಯಮ ಹೆಣ್ಣುಮಕ್ಕಳ ಬದುಕಿನ ಮೇಲೆ ಬೀರುವ ಪರಿಣಾಮದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹೇಳಿದ್ದಾರೆ. ನಾನು ಪತ್ರಕರ್ತೆಯಲ್ಲ, ವಕೀಲೆಯೂ ಅಲ್ಲ. ಮದುವೆಯಾಗಿ ತಿರುವನಂತಪುರಕ್ಕೆ ಬಂದು, ಆಮೇಲೆ ಕೊಚ್ಚಿಯಲ್ಲಿ ನೆಲೆನಿಂತ ಒಬ್ಬ ಕನ್ನಡತಿ. ಮಲಯಾಳ ಕಲಿತದ್ದೇ ದಿನಪತ್ರಿಕೆಯ ತಲೆಬರಹಗಳನ್ನು ಕೂಡಿಸಿ ಓದುತ್ತಾ, ಸಂಜೆಯ ಟಿವಿ ಚರ್ಚೆಗಳನ್ನು ಕೇಳುತ್ತಾ. ಹಾಗಾಗಿ ನಾವಿರುವ ಈ ಎರಡು ಊರುಗಳಲ್ಲಿ ನಡೆದ ಸಂಗತಿಗಳನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ದೂರದ ಉದಾಹರಣೆಗಳ ಅಗತ್ಯವೇ ಇಲ್ಲ.

"ಎಲ್ಲಾ ಈ ಮೊಬೈಲಿನಿಂದಲೇ ಕೆಟ್ಟಿದ್ದು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ಮೊಬೈಲ್ ಇಲ್ಲದ ಕಾಲದ ಒಂದು ಕಥೆ ಕೇಳಿ. 1994ರ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ಮಾಲ್ದೀವ್ಸ್‌ನ ಮರಿಯಂ ರಶೀದಾ ಎಂಬ ಮಹಿಳೆಯ ಬಂಧನವಾಯಿತು. ಅದೇ ಮುಂದೆ ಇಸ್ರೋ ಬೇಹುಗಾರಿಕೆ ಪ್ರಕರಣವೆಂದು ದೇಶಕ್ಕೆಲ್ಲ ಗೊತ್ತಾಯಿತು. ಫೌಝಿಯಾ ಹಸನ್ ಎಂಬ ಇನ್ನೊಬ್ಬ ಮಹಿಳೆಯೂ ಜೈಲು ಸೇರಿದರು. ಪತ್ರಿಕೆಗಳಲ್ಲಿ ದಿನಕ್ಕೊಂದು ಕಥೆ. ರಾಕೆಟ್ಟಿನ ರಹಸ್ಯಕ್ಕಿಂತ ಆ ಹೆಂಗಸರ ರೂಪ, ನಡತೆ, ಹೋಟೆಲ್ ಕೋಣೆಗಳ ಬಗ್ಗೆಯೇ ಹೆಚ್ಚು ಬರಹ. 1996ರಲ್ಲಿ ಸಿಬಿಐ ಆ ಆರೋಪಗಳಲ್ಲಿ ಹುರುಳಿಲ್ಲ ಎಂದಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಅವರ ಆತ್ಮಕಥೆ ಬಂತು, ಸಿನಿಮಾ ಬಂತು, ಬರಬೇಕಾದದ್ದೇ. ಆದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಆ ಇಬ್ಬರು ಹೆಂಗಸರ ಮಾತನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಅವರ ಬಗ್ಗೆ ಎಲ್ಲರೂ ಬರೆದರು. ಅವರ ಮಾತು ಮಾತ್ರ ಅಷ್ಟಾಗಿ ಕೇಳಲಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇದೊಂದೇ ವಿಷಯ. ಹೆಣ್ಣಿನ ಬಗ್ಗೆ ಸುದ್ದಿ ಬಂದಾಗ, ಆ ಸುದ್ದಿಯಲ್ಲಿ ಅವಳ ಮಾತು ಎಲ್ಲಿದೆ ಎಂದು ನಾವು ಹುಡುಕಬೇಕು.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆಗ ಊರು ಎಂದರೆ ನಾಲ್ಕು ಬೀದಿ. ಈಗ ಊರು ನಮ್ಮ ಕೈಯೊಳಗೇ ಇದೆ, ಅದಕ್ಕೆ ರಾತ್ರಿ ಹಗಲಿಲ್ಲ. 2018ರ ಜುಲೈನಲ್ಲಿ ಕೊಚ್ಚಿಯಲ್ಲಿ ಓದಿನ ಜೊತೆಗೆ ಮೀನು ಮಾರಿ ಮನೆ ನಡೆಸುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ಪತ್ರಿಕೆಯಲ್ಲಿ ವರದಿ ಬಂತು. ಒಂದೇ ದಿನದಲ್ಲಿ ರಾಜ್ಯವೆಲ್ಲ ಅವಳನ್ನು ಹೊಗಳಿತು. ಮರುದಿನವೇ "ಇದೆಲ್ಲ ಸಿನಿಮಾ ಪ್ರಚಾರಕ್ಕೆ ಮಾಡಿದ ನಾಟಕ" ಎಂಬ ಮಾತು ಹಬ್ಬಿತು. ಅವಳ ಬಟ್ಟೆ, ಬೆರಳಿನ ಉಂಗುರ, ಹಳೆಯ ಫೋಟೋಗಳು, ಎಲ್ಲವೂ ಸಾಕ್ಷಿಯಾದವು. ಬಡ ಹುಡುಗಿ ಎಂದರೆ ಹೀಗೆಯೇ ಕಾಣಬೇಕು ಎಂಬ ಒಂದು ಚಿತ್ರ ಜನರ ತಲೆಯಲ್ಲಿತ್ತು, ಅವಳು ಅದಕ್ಕೆ ಹೊಂದಲಿಲ್ಲ, ಅಷ್ಟೇ ಅವಳ ಅಪರಾಧ. ಕೊನೆಗೆ ಮುಖ್ಯಮಂತ್ರಿಯೇ ಅವಳ ಪರವಾಗಿ ಮಾತಾಡಬೇಕಾಯಿತು, ನಿಂದಿಸಿದವರ ಮೇಲೆ ಪೊಲೀಸ್ ಕ್ರಮವಾಯಿತು. ಮುಂದಿನ ತಿಂಗಳೇ ಪ್ರವಾಹ ಬಂತು. ಜನ ತನಗೆ ಸಹಾಯವೆಂದು ಕೊಟ್ಟಿದ್ದ ಒಂದೂವರೆ ಲಕ್ಷ ರೂಪಾಯಿಯನ್ನು ಅವಳು ಪರಿಹಾರ ನಿಧಿಗೆ ಕೊಟ್ಟಳು. ಬೈದವರಲ್ಲಿ ಎಷ್ಟು ಜನ ಆ ಎರಡನೇ ಸುದ್ದಿಯನ್ನು ಫಾರ್ವರ್ಡ್ ಮಾಡಿದ್ದಾರು?

ಇನ್ನು ಹೆಣ್ಣು ಅಭಿಪ್ರಾಯ ಹೇಳಿದರೆ ಏನಾಗುತ್ತದೆ ನೋಡಿ. ಪುನೀತ್ ರಾಜ್‌ಕುಮಾರ್ ಅವರ 'ಮಿಲನ' ಚಿತ್ರದ ನಾಯಕಿ ಪಾರ್ವತಿ ನಮಗೆಲ್ಲ ಗೊತ್ತು. 2017ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅವರು ಒಬ್ಬ ದೊಡ್ಡ ನಟರ ಚಿತ್ರದಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ಸಂಭಾಷಣೆಯನ್ನು ಟೀಕಿಸಿದರು. ವಿಮರ್ಶೆಗೆ ವಿಮರ್ಶೆಯ ಉತ್ತರ ಬರಬೇಕಿತ್ತು. ಬಂದದ್ದು ಬೈಗುಳ, ಬೆದರಿಕೆ. ಅವರ ಮುಂದಿನ ಚಿತ್ರದ ಹಾಡಿಗೆ ಯೂಟ್ಯೂಬ್‌ನಲ್ಲಿ ಡಿಸ್‌ಲೈಕ್‌ಗಳ ಸುರಿಮಳೆ. ಅವರು ಹೆದರಿ ಕೂರದೆ ದೂರು ಕೊಟ್ಟರು, ಬಂಧನಗಳಾದವು. ಇದು ಕೇರಳದ ರೋಗ ಮಾತ್ರ ಎಂದುಕೊಳ್ಳಬೇಡಿ. 2025ರ ಜುಲೈನಲ್ಲಿ ನಮ್ಮ ರಮ್ಯಾ ಒಂದು ಕೊಲೆ ಪ್ರಕರಣದಲ್ಲಿ ನ್ಯಾಯ ಸಿಗಬೇಕು ಎಂದು ಬರೆದದ್ದಕ್ಕೆ ಅಭಿಮಾನಿಗಳೆಂದು ಹೇಳಿಕೊಳ್ಳುವವರು ಹೊಲಸು ಸಂದೇಶಗಳನ್ನು ಕಳಿಸಿದರು. ಅವರೂ ಬೆಂಗಳೂರು ಪೊಲೀಸರಿಗೆ 43 ಖಾತೆಗಳ ವಿವರ ಸಹಿತ ದೂರು ಕೊಟ್ಟರು. ಭಾಷೆ ಬೇರೆ, ಬೈಗುಳದ ದಾರಿ ಒಂದೇ. ಗಂಡಸಿನ ಅಭಿಪ್ರಾಯ ಹಿಡಿಸದಿದ್ದರೆ ಅವನ ಅಭಿಪ್ರಾಯವನ್ನು ಬೈಯುತ್ತಾರೆ. ಹೆಂಗಸಿನದು ಹಿಡಿಸದಿದ್ದರೆ ಅವಳ ಶೀಲಕ್ಕೇ ಕೈ ಹಾಕುತ್ತಾರೆ.

ಈಗ ಕೊಚ್ಚಿಯ ವಿಷಯಕ್ಕೆ ಬರುತ್ತೇನೆ. 2017ರ ಫೆಬ್ರವರಿ 17ರ ರಾತ್ರಿ ಕೊಚ್ಚಿಗೆ ಬರುತ್ತಿದ್ದ ಒಬ್ಬ ನಟಿಯನ್ನು ಅಪಹರಿಸಿ, ಓಡುವ ಕಾರಿನಲ್ಲಿ ಲೈಂಗಿಕ ದೌರ್ಜನ್ಯ ಮಾಡಿ, ಅದನ್ನು ಚಿತ್ರೀಕರಿಸಿದರು. ಅವರ ಹೆಸರನ್ನು ನಾನು ಹೇಳುವುದಿಲ್ಲ. ಇಂಥ ಪ್ರಕರಣಗಳಲ್ಲಿ ಸಂತ್ರಸ್ತೆಯ ಗುರುತು ಪ್ರಕಟಿಸುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಇದನ್ನೇ ಹೇಳುತ್ತದೆ. ಆದರೂ ಹೆಸರು, ಫೋಟೋ ವಾಟ್ಸಾಪ್‌ನಲ್ಲಿ ಹರಿದಾಡಿತು. ಹಂಚಿದವರು ಯಾರೋ ರೌಡಿಗಳಲ್ಲ, "ಪಾಪ, ನೋಡಿ" ಎಂದು ಮರುಗುತ್ತಲೇ ಹಂಚಿದ ಸಾಮಾನ್ಯ ಜನ. ವರ್ಷಗಟ್ಟಲೆ ಅಂದಿಚರ್ಚೆಗಳಲ್ಲಿ, ಅಂದರೆ ಇಲ್ಲಿಯ ಟಿವಿಯ ಸಂಜೆ ಚರ್ಚೆಗಳಲ್ಲಿ, ಅವರ ಬದುಕು ವಾದದ ವಸ್ತುವಾಯಿತು. 2022ರ ಜನವರಿಯಲ್ಲಿ ಅವರು ತಮ್ಮದೇ ಇನ್‌ಸ್ಟಾಗ್ರಾಂ ಪುಟದಲ್ಲಿ ತಮ್ಮ ಮಾತನ್ನು ಬರೆದರು. ಅಷ್ಟು ಹೊತ್ತಿಗೆ ಮಲಯಾಳ ಪತ್ರಿಕೆಗಳೂ 'ಇರ' ಎಂದರೆ ಬಲಿಪಶು ಎಂಬ ಪದ ಬಿಟ್ಟು 'ಅತಿಜೀವಿತ' ಎಂದರೆ ಗೆದ್ದು ಬದುಕಿದವಳು ಎಂದು ಬರೆಯತೊಡಗಿದ್ದವು. ಒಂದು ಪದ ಬದಲಾದರೆ ನೋಡುವ ಕಣ್ಣೂ ಬದಲಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಎರ್ನಾಕುಲಂ ನ್ಯಾಯಾಲಯ ಆರು ಮಂದಿಗೆ 20 ವರ್ಷಗಳ ಶಿಕ್ಷೆ ವಿಧಿಸಿತು, ಆರೋಪಿಯಾಗಿದ್ದ ನಟನೂ ಸೇರಿ ಉಳಿದವರನ್ನು ಖುಲಾಸೆ ಮಾಡಿತು.

ಆ ಘಟನೆಯ ನಂತರ ಚಿತ್ರರಂಗದ ಹೆಣ್ಣುಮಕ್ಕಳು 'ವಿಮೆನ್ ಇನ್ ಸಿನಿಮಾ ಕಲೆಕ್ಟಿವ್' ಕಟ್ಟಿ, ತಿರುವನಂತಪುರದಲ್ಲಿ ಮುಖ್ಯಮಂತ್ರಿಯನ್ನು ಕಂಡರು. ನ್ಯಾಯಮೂರ್ತಿ ಹೇಮಾ ಸಮಿತಿ ನೇಮಕವಾಯಿತು. ಹಿರಿಯ ನಟಿ ಶಾರದಾ ಅದರ ಸದಸ್ಯೆ. 2019ರ ಡಿಸೆಂಬರ್ 31ಕ್ಕೆ ಸಲ್ಲಿಕೆಯಾದ ವರದಿ ಹೊರಬಂದದ್ದು 2024ರ ಆಗಸ್ಟ್ 19ಕ್ಕೆ. ಹೆಣ್ಣುಮಕ್ಕಳು ಎದುರಿಸುವ ಕಿರುಕುಳಗಳ ಪಟ್ಟಿಯಲ್ಲಿ ಸೈಬರ್ ದಾಳಿಯೂ ಅದರಲ್ಲಿದೆ. ಇಲ್ಲಿ ಮಾಧ್ಯಮದ ಎರಡೂ ಮುಖ ಕಂಡಿತು. ವರದಿಯನ್ನು ಹೊರತರಲು ಮಾಹಿತಿ ಹಕ್ಕಿನಡಿ ಹೋರಾಡಿದವರಲ್ಲಿ ಪತ್ರಕರ್ತರೂ ಇದ್ದರು. ವರದಿ ಬಂದ ಮೇಲೆ ಗುಟ್ಟಾಗಿ ಕೊಟ್ಟ ಹೇಳಿಕೆಗಳನ್ನು ಒಂದು ಚಾನೆಲ್ ಪ್ರಸಾರ ಮಾಡಿತೆಂದು ಈ ಹೆಣ್ಣುಮಕ್ಕಳೇ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ನಂಬಿ ಹೇಳಿದ ಮಾತು ಟಿವಿಯಲ್ಲಿ ಬಂದರೆ ನಾಳೆ ಇನ್ನೊಬ್ಬಳು ಯಾವ ಧೈರ್ಯದಿಂದ ಬಾಯಿ ಬಿಡುತ್ತಾಳೆ?

ಕಾನೂನು ಇದೆಯಲ್ಲ ಎಂದು ಕೇಳಬಹುದು. 2020ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೆಣ್ಣುಮಕ್ಕಳ ಬಗ್ಗೆ ಅಶ್ಲೀಲ ವಿಡಿಯೊ ಹಾಕುತ್ತಿದ್ದ ಒಬ್ಬ ಯೂಟ್ಯೂಬರ್‌ನ ಕೋಣೆಗೇ ಡಬ್ಬಿಂಗ್ ಕಲಾವಿದೆ ಭಾಗ್ಯಲಕ್ಷ್ಮಿ ಮತ್ತು ಇನ್ನಿಬ್ಬರು ನುಗ್ಗಿದರು, ಅದನ್ನು ನೇರಪ್ರಸಾರವನ್ನೂ ಮಾಡಿದರು. ಅವನ ಬಂಧನವಾಯಿತು, ಜೊತೆಗೆ ಈ ಹೆಂಗಸರ ಮೇಲೂ ಕೇಸು ಬಿತ್ತು. ನಿರೀಕ್ಷಣಾ ಜಾಮೀನಿಗೆ ಅವರು ಕೊಚ್ಚಿಯ ಹೈಕೋರ್ಟಿನವರೆಗೆ ಅಲೆಯಬೇಕಾಯಿತು. ಆ ನವೆಂಬರ್‌ನಲ್ಲಿ ಸರ್ಕಾರ ಪೊಲೀಸ್ ಕಾಯ್ದೆಗೆ 118ಎ ಎಂಬ ಕಲಂ ಸೇರಿಸಿ ಸುಗ್ರೀವಾಜ್ಞೆ ತಂದಿತು. ಹೆಣ್ಣುಮಕ್ಕಳ ರಕ್ಷಣೆಯ ಹೆಸರಿನಲ್ಲಿ ಬಂದ ಅದು ಯಾರ ಟೀಕೆಯನ್ನೂ ಅಪರಾಧವೆನ್ನುವಷ್ಟು ಸಡಿಲವಾಗಿತ್ತು. ವಿರೋಧ ಬಂದು ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ನುಗ್ಗಿ ಹೊಡೆಯುವುದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ದೂರು ಕೊಟ್ಟ ಕೂಡಲೇ ಕೆಲಸ ಆಗುವಂತಿದ್ದರೆ ಆ ಮೂವರು ಆ ಮೆಟ್ಟಿಲು ಹತ್ತುತ್ತಿದ್ದರೇ?

ಇವೆಲ್ಲ ನಟಿಯರ ಕಥೆ, ನಮಗೇನು ಎನ್ನಬೇಡಿ. ಟಿವಿಯಲ್ಲಿ ಒಬ್ಬ ಹೆಣ್ಣುಮಗಳ ನಡತೆಯ ವಿಚಾರಣೆ ನಡೆಯುವಾಗ, ನಮ್ಮ ಮನೆಯ ಸೋಫಾದಲ್ಲಿ ಕುಳಿತ ಮಗಳು ಅದನ್ನು ಕೇಳುತ್ತಿರುತ್ತಾಳೆ. "ಆ ಹೊತ್ತಿನಲ್ಲಿ ಅವಳು ಯಾಕೆ ಹೊರಗೆ ಹೋದಳು?" ಎಂದು ನಾವು ಅಂದ ಒಂದು ಮಾತು ಅವಳ ಮನಸ್ಸಿನಲ್ಲಿ ಉಳಿಯುತ್ತದೆ. ನಾಳೆ ಅವಳಿಗೇ ಏನಾದರೂ ಆದರೆ, ಮೊದಲು ಬಚ್ಚಿಡುವುದು ನಮ್ಮಿಂದಲೇ. ನಮ್ಮ ಪಕ್ಕದ ಮನೆಯ ಚೇಚಿ ಒಮ್ಮೆ ಹೇಳಿದ್ದರು, ಮಗಳು ಫೋಟೋ ಹಾಕುವುದನ್ನು ನಿಲ್ಲಿಸಿದಾಗ ಒಳ್ಳೆಯದಾಯಿತು ಎಂದುಕೊಂಡೆ, ಯಾಕೆ ನಿಲ್ಲಿಸಿದಳೆಂದು ಗೊತ್ತಾದದ್ದು ಆರು ತಿಂಗಳ ಮೇಲೆ ಎಂದು. ಯಾರೋ ಅವಳ ಫೋಟೋ ತೆಗೆದು ಸುಳ್ಳು ಖಾತೆ ಮಾಡಿದ್ದರು. ಹುಡುಗಿ ಸುಮ್ಮನಾದರೆ ಸುರಕ್ಷಿತಳಾದಳು ಎಂದಲ್ಲ.

ಈಗಂತೂ ಫೋಟೋ ಕದಿಯುವುದೂ ಬೇಕಿಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ದೇಹಕ್ಕೆ ಅಂಟಿಸಿದ ಡೀಪ್‌ಫೇಕ್ ವಿಡಿಯೊ ಹಬ್ಬಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಕಾಲಕ್ಕೇ ಮಾಡಿದಂತಿದೆ.

ಹಾಗಾದರೆ ಮೊಬೈಲ್ ಬಿಸಾಡೋಣವೇ? ಖಂಡಿತ ಬೇಡ. 2018ರ ಆಗಸ್ಟ್ ಪ್ರವಾಹದಲ್ಲಿ ಇದೇ ವಾಟ್ಸಾಪ್, ಫೇಸ್‌ಬುಕ್ ಎಷ್ಟು ಜೀವ ಉಳಿಸಿದವು! ಯಾವ ಮನೆಯ ಮಾಳಿಗೆಯಲ್ಲಿ ಗರ್ಭಿಣಿ ಇದ್ದಾಳೆ, ಎಲ್ಲಿ ಇನ್ಸುಲಿನ್ ಬೇಕು ಎಂಬ ಮಾಹಿತಿಯನ್ನು ನಿದ್ದೆಗೆಟ್ಟು ಹಂಚಿದವರಲ್ಲಿ ಎಷ್ಟೋ ಹೆಣ್ಣುಮಕ್ಕಳಿದ್ದರು. ಕಡವಂತ್ರದ ಕ್ರೀಡಾಂಗಣದಲ್ಲಿ 'ಅನ್ಬೋಡು ಕೊಚ್ಚಿ' ತಂಡದ ಜೊತೆ ಅಕ್ಕಿ, ಬಟ್ಟೆ ವಿಂಗಡಿಸಿದ ಸಾವಿರಾರು ಕೈಗಳನ್ನು ಕರೆದದ್ದೂ ಮೊಬೈಲೇ. ಊರಿನಿಂದ ದೂರ ಇರುವ ನಮ್ಮಂಥವರಿಗೆ ಅಮ್ಮನ ಮುಖ, ತಂಗಿಯ ಸೀಮಂತ, ಕನ್ನಡದ ಮಾತು ಎಲ್ಲವೂ ಅದರಲ್ಲೇ. ಹೆಣ್ಣು ತಾನೇ ಮಾತಾಡಲು ಸಿಕ್ಕ ಜಾಗ ಅದು, ಬಿಟ್ಟುಕೊಡಬಾರದು.

ಹಾಗಾಗಿ ನಾವು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಯಾವುದೇ ಹೆಣ್ಣಿನ ಬಗ್ಗೆ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ. ಇದನ್ನು ಹೇಳಿದವರು ಯಾರು? ಇದರಲ್ಲಿ ಅವಳ ಮಾತು ಇದೆಯೇ? ಅವಳು ನನ್ನ ಮಗಳಾಗಿದ್ದರೆ ಕಳಿಸುತ್ತಿದ್ದೆನೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫಾರ್ವರ್ಡ್ ಕೂಡ ಒಂದು ಮಾತೇ.

ಎರಡನೆಯದು, ಯಾರಿಗಾದರೂ ಕಿರುಕುಳವಾದರೆ ಗಾಬರಿಯಲ್ಲಿ ಎಲ್ಲ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಲಿಂಕ್, ದಿನಾಂಕ ಬರೆದಿಡಿ, ಆಮೇಲೆ ಬ್ಲಾಕ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ವಿರುದ್ಧದ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ವರದಿ ಮಾಡಬಹುದು. ಸಹಾಯವಾಣಿಯ ಸಂಖ್ಯೆ 1930. ಮಹಿಳಾ ಸಹಾಯವಾಣಿ 181. ಖಾಸಗಿ ಚಿತ್ರವನ್ನು ತೆಗೆಯಲು ಜಾಲತಾಣದ ಕಂಪನಿಗೇ ನೇರವಾಗಿ ದೂರು ಕೊಡುವ ಹಕ್ಕನ್ನೂ ಕಾನೂನು ಕೊಟ್ಟಿದೆ. ಠಾಣೆಗೆ ಒಬ್ಬಳೇ ಹೋಗಲು ಅಂಜಿಕೆಯಾದರೆ, ಮಲಯಾಳದಲ್ಲಿ ಹೇಳಲು ಬಾರದಿದ್ದರೆ, ನಮ್ಮ ಮಹಿಳಾ ವೇದಿಕೆಯಿಂದ ಇಬ್ಬರು ಜೊತೆಗೆ ಹೋಗೋಣ. ಸಂಘವೆಂದರೆ ರಾಜ್ಯೋತ್ಸವದ ಊಟ ಮಾತ್ರವಲ್ಲವಲ್ಲ!

ಮೂರನೆಯದು, ಮನೆಯಲ್ಲಿ ಗಂಡುಮಕ್ಕಳ ಜೊತೆ ಮಾತಾಡಿ. ಕಾಮೆಂಟ್ ಬರೆಯುವ ಕೈಗಳೂ ಯಾವುದೋ ಅಮ್ಮ ಅನ್ನ ಕಲಸಿ ತುತ್ತಿಟ್ಟು ಬೆಳೆಸಿದ ಕೈಗಳೇ. ಮಗಳಿಗೆ "ಜಾಗ್ರತೆ" ಎಂದು ನೂರು ಸಲ ಹೇಳುವ ನಾವು ಮಗನಿಗೆ "ಹಾಗೆ ಬರೆಯಬೇಡ" ಎಂದು ಒಂದು ಸಲವಾದರೂ ಹೇಳಬೇಕು.

ಕೊನೆಯದಾಗಿ, ನೀವೂ ಬರೆಯಿರಿ. ಅಡುಗೆ, ಪ್ರವಾಸ, ಕೆಲಸ, ರಾಜಕೀಯ, ನಿಮಗೆ ಅನಿಸಿದ್ದನ್ನು ನಿಮ್ಮ ಹೆಸರಿನಲ್ಲಿ ಬರೆಯಿರಿ. ಒಬ್ಬಳು ಬರೆದಾಗ ನಾಲ್ಕು ಕೆಟ್ಟ ಕಾಮೆಂಟ್ ಬಂದರೆ, ನಾವು ಹತ್ತು ಜನ ಅವಳ ಪಕ್ಕ ನಿಂತು ಹತ್ತು ಒಳ್ಳೆಯ ಮಾತು ಬರೆಯೋಣ. ಅದಕ್ಕೆ ಕಾನೂನೂ ಬೇಡ, ಕಾಸೂ ಬೇಡ.

 ಸಿರಿಗನ್ನಡಂ ಗೆಲ್ಗೆ.