ಬೋರ್‌ವೆಲ್ ಊರಿನ ಹವಳದ ತೊಟ್ಟಿ



ನಮ್ಮ ದೊಡ್ಡಬೆಳವಂಗಲದ ಕಡೆ ನೀರಿನ ಮಾತು ತೆಗೆದರೆ ಅದು ಸೀದಾ ಬೋರ್‌ವೆಲ್ಲಿಗೆ ಹೋಗಿ ನಿಲ್ಲುತ್ತದೆ. ಎಷ್ಟು ಅಡಿ ಕೊರೆಸಿದಿರಿ, ಎಷ್ಟಿಂಚು ಬಂತು, ಇಲ್ಲಾ ಫೇಲಾಯ್ತೋ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಬಯಲು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯೂ ಮಳೆಯನ್ನೇ ನೆಚ್ಚಿಕೊಂಡವಳು. ಇಂಥ ಊರಿನಲ್ಲಿ ಕೂತು, ನಡುಮನೆಯಲ್ಲಿ ಹವಳ ಬೆಳೆಸುವ ವಿಚಾರ ಹೇಳುತ್ತೇನೆ ಎಂದರೆ ನಗುವವರು ನಗಲಿ. ನಾನಂತೂ ಇದನ್ನು ನೀರು ತಯಾರಿಸುವ ಕಸುಬು ಎಂದೇ ಎಣಿಸಿದ್ದೇನೆ. ಮೀನು, ಹವಳ ಎಲ್ಲ ಆಮೇಲೆ. ನೀರಿಗಾಗಿ ಪಾಡು ಪಟ್ಟ ಊರಿನವರಿಗೆ ಈ ಕಸುಬು ಬೇಗ ಕೈಹಿಡಿಯುತ್ತದೆ ಎನ್ನುವುದು ನನ್ನ ವಾದ.

ಹವಳ ಒಂದು ಪ್ರಾಣಿ. ನಡುವೆ ಬಾಯಿ, ಸುತ್ತ ಮಿಸುಕಾಡುವ ಎಳೆಗಳು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಪಾಚಿ ಬಿಸಿಲು ಹಿಡಿದು ಆಹಾರ ತಯಾರಿಸಿ, ಅದರಲ್ಲಿ ಬಹುಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿ ದಿಬ್ಬ ಕಟ್ಟುವ ಹವಳಕ್ಕೆ ಬೆಚ್ಚಗಿನ, ಉಪ್ಪಿನ, ಬಿಸಿಲು ಒಳಗಿಳಿಯುವ ತಿಳಿನೀರು ಬೇಕು. ನಮ್ಮ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿ ಮಳೆಗಾಲದಲ್ಲಿ ಕೆಮ್ಮಣ್ಣು ತಂದು ದಡದ ಸಮುದ್ರವನ್ನು ಕದಡುತ್ತವೆ. ಲಕ್ಷದ್ವೀಪದಲ್ಲೋ ಮನ್ನಾರ್ ಕೊಲ್ಲಿಯಲ್ಲೋ ಇರುವಂಥ ದೊಡ್ಡ ಹವಳದ ದಿಬ್ಬ ನಮಗೆ ದಕ್ಕಲಿಲ್ಲ. ಕರ್ನಾಟಕದಲ್ಲಿ ಹವಳ ನೋಡಬೇಕೆಂದರೆ ಮುರುಡೇಶ್ವರದಿಂದ ದೋಣಿ ಹತ್ತಿ, ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿಯಬೇಕು. ನಮ್ಮ ಕಡೆಯ ಮೀನುಜ್ಞಾನವೆಲ್ಲ ಸಿಹಿನೀರಿನದು. ಹೆಸರಘಟ್ಟದಲ್ಲಿರುವುದು ಸಿಹಿನೀರಿನ ಮೀನು ಸಂಶೋಧನೆಯ ಕೇಂದ್ರ, ಕೆರೆಗೆ ಬಿಡುವುದು ಕಾಟ್ಲಾ, ರೋಹು.

ಸಮುದ್ರದಿಂದ ದೂರ ಕೂತು ಹವಳ ಸಾಕಿದವರಲ್ಲಿ ನಾವೇನೂ ಮೊದಲಿಗರಲ್ಲ. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲೆಂಡಿನ ಮಹಿಳೆ ಟಾರ್ಕೀ ಕಡಲತೀರದಿಂದ ಕೆಲವು ಹವಳಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಆಗ ಪಂಪಿಲ್ಲ, ಕರೆಂಟಿಲ್ಲ. ನೀರಿಗೆ ಗಾಳಿ ಕೂಡಬೇಕೆಂದರೆ ತೆರೆದ ಕಿಟಕಿಯ ಹತ್ತಿರ ನಿಂತು ಪಾತ್ರೆಯಿಂದ ಪಾತ್ರೆಗೆ ಎತ್ತಿ ಎತ್ತಿ ಸುರಿಯಬೇಕು. ಆ ಕೆಲಸ ಮನೆಗೆಲಸದಾಕೆಯ ಪಾಲಿಗೆ ಬಂತು. ಕೀರ್ತಿ ಯಜಮಾನಿಗೆ, ರಟ್ಟೆನೋವು ಆಕೆಗೆ! 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬಾತ ತನ್ನ ಸರಳ ಕ್ರಮವನ್ನು ಬರೆದು ಪ್ರಕಟಿಸಿದ. ಜೀವಾಣು ತುಂಬಿದ ಸಮುದ್ರದ ಕಲ್ಲು, ಕಿಟಕಿಯ ಬಿಸಿಲು, ಒಂದಷ್ಟು ಗಾಳಿಗುಳ್ಳೆ. ಅಷ್ಟೇ. ಅಂಗಡಿಯಲ್ಲಿ ಮಿನುಗುವ ಯಂತ್ರಗಳನ್ನು ಕಂಡು ಎದೆಗುಂದುವವರು ಈ ಇಬ್ಬರನ್ನು ನೆನೆಯಬೇಕು.

ಈಗ ತೊಟ್ಟಿಗೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕು ಎಂದಿಟ್ಟುಕೊಳ್ಳಿ. ಅಂಚಿನವರೆಗೆ ತುಂಬಿದರೆ 56 ಲೀಟರ್. ಕಲ್ಲು ಮರಳು ಹಾಕಿದ ಮೇಲೆ ಸುಮಾರು 50. ಚಿಕ್ಕದಾದಷ್ಟೂ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ತಲೆಕೆಳಗು. ನೀರು ಕಮ್ಮಿಯಿದ್ದಷ್ಟೂ ಅದು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. ಎರಡಡಿಗಿಂತ ಕೆಳಗೆ ಇಳಿಯಬೇಡಿ ಎನ್ನುತ್ತೇನೆ.

ಬೋರ್‌ವೆಲ್ ನೀರನ್ನು ಹಾಗೇ ಹುಯ್ಯುವಂತಿಲ್ಲ. ಅದರಲ್ಲಿ ಗಡಸುತನವಿದೆ, ಫ್ಲೋರೈಡಿದೆ, ಗೊಬ್ಬರದಿಂದ ಇಳಿದ ನೈಟ್ರೇಟೂ ಇರಬಹುದು. ನೈಟ್ರೇಟ್ ಸಿಕ್ಕರೆ ಬೇಡದ ಪಾಚಿಗೆ ಹಬ್ಬ. ಊರೂರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಬರುವ ಆರ್‌ಓ ನೀರು ಅರ್ಧ ದಾರಿಯ ನೀರು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸೊನ್ನೆ ಬಂದಿರುವುದಿಲ್ಲ. ಅದನ್ನು ಉಳಿದ ಲವಣ ಹೀರುವ ಡಿಐ ರೆಸಿನ್ ತುಂಬಿದ ಕೊಳವೆಯಲ್ಲಿ ಇನ್ನೊಮ್ಮೆ ಹಾಯಿಸಿ ಸೊನ್ನೆಗೆ ಇಳಿಸಬೇಕು. ಎಲ್ಲವನ್ನೂ ಕಳೆದ ಆ ನೀರಿಗೆ ನಮಗೆ ಬೇಕಾದ್ದನ್ನು ಅಳೆದು ಸೇರಿಸುವುದು ಮುಂದಿನ ಹೆಜ್ಜೆ.

ಅಡುಗೆ ಉಪ್ಪು ಆಗದೇ ಎಂದು ಕೇಳುವವರಿದ್ದಾರೆ. ಆಗದು. ಸಮುದ್ರದ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ನೂರಕ್ಕೆ 85 ಪಾಲು. ಉಳಿದ 15 ಪಾಲಿನಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇವೆ. ಹವಳದ ಬದುಕು ನಿಂತಿರುವುದು ಆ 15ರ ಮೇಲೂ ಹೌದು. ಅದಕ್ಕೇ ಮಾಡಿದ ಸಾಲ್ಟ್ ಮಿಕ್ಸ್ ಸಿಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂ, ಎಂದರೆ ನಮ್ಮ ತೊಟ್ಟಿಗೆ ಒಂದೂಮುಕ್ಕಾಲು ಕಿಲೋ. ಬಕೆಟ್ಟಿನಲ್ಲಿ ಪಂಪು ಹಾಕಿ ಚೆನ್ನಾಗಿ ಕರಗಿಸಿ, ಒಂದು ರಾತ್ರಿ ತಿರುಗಲು ಬಿಟ್ಟು, ಬೆಳಿಗ್ಗೆ ಅಳೆಯಬೇಕು.

ಈ ಅಳತೆ ಹಾಲಿನ ಡೇರಿಗೆ ಹೋಗುವವರಿಗೆ ಹೊಸದಲ್ಲ. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸಿ 28 ಬಂತೋ 30 ಬಂತೋ ಎಂದು ನೋಡುತ್ತಾರಲ್ಲ, 28 ಎಂದರೆ ಸಾಂದ್ರತೆ 1.028. ಹವಳದ ತೊಟ್ಟಿಯ ನೀರು 1.025ರಿಂದ 1.026ರ ಒಳಗಿರಬೇಕು. ತತ್ವ ಅದೇ, ಗಾಜಿನ ಕಡ್ಡಿಯೂ ಅದೇ ಜಾತಿಯದು. ಹಾಲಿಗೆ ನೀರು ಬೆರೆಸಿದರೆ ಕಡ್ಡಿ ಹೇಗೆ ಚಾಡಿ ಹೇಳುತ್ತದೋ ಹಾಗೆಯೇ ಇಲ್ಲೂ ಹೇಳುತ್ತದೆ. ಇನ್ನೂ ನಿಖರ ಬೇಕಾದವರು ಒಂದು ಹನಿ ನೀರಿನಲ್ಲಿ ನೋಡುವ ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಳ್ಳಲಿ.

ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 50 ಲೀಟರಿನಲ್ಲಿ 2 ಲೀಟರ್ ಆರಿದರೆ 35 ಗ್ರಾಂ ಇದ್ದದ್ದು 36.5 ಆಗುತ್ತದೆ. ಮಾರ್ಚಿ-ಏಪ್ರಿಲ್‌ನ ಒಣಗಾಳಿಗೆ ಇದು ದೊಡ್ಡ ಮಾತಲ್ಲ. ಗಾಜಿನ ಮೇಲೆ ಒಂದು ಗೆರೆ ಎಳೆದು, ದಿನಾ ಅಷ್ಟರ ಮಟ್ಟಕ್ಕೆ ಸಪ್ಪೆ ನೀರು ಸೇರಿಸಬೇಕು. ಉಪ್ಪುನೀರು ಸೇರಿಸಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಈ ಕಲೆಯ ಬೆನ್ನೆಲುಬು ದಿನಾ ಮಾಡುವ ಈ ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ 5 ಲೀಟರ್ ಹಳೆ ನೀರು ತೆಗೆದು ಹೊಸದು ಹಾಕುವುದು ಇನ್ನೊಂದು.

ನಮ್ಮ ಸೀಮೆಗೇ ಸೇರಿದ ಒಂದು ಎಚ್ಚರ ಹೇಳಬೇಕು. ಇಲ್ಲಿ ದ್ರಾಕ್ಷಿ ತೋಟಗಳಿವೆ. ತೋಟವಿದ್ದಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವೂ ಇರುತ್ತದೆ. ಮೈಲುತುತ್ತ ಎಂದರೆ ತಾಮ್ರ. ಬೂಷ್ಟು ಕೊಲ್ಲುವ ಆ ತಾಮ್ರ ಹವಳ, ಸೀಗಡಿ, ಶಂಖದ ಹುಳು ಯಾವುದನ್ನೂ ಉಳಿಸುವುದಿಲ್ಲ, ಎಳ್ಳಷ್ಟು ಸಾಕು. ಔಷಧಿ ಹೊಡೆದು ಬಂದ ಕೈ ತೊಟ್ಟಿಗೆ ಹೋಗಬಾರದು. ಅಜ್ಜಿಯ ಕಾಲದ ತಾಮ್ರದ ಹಂಡೆ, ಹಿತ್ತಾಳೆ ಬಿಂದಿಗೆ ಎಷ್ಟೇ ಚೆಂದವಿರಲಿ, ಈ ನೀರಿಗೆ ಪ್ಲಾಸ್ಟಿಕ್ ಬಕೆಟ್ಟೇ ಸರಿ. ಸೊಳ್ಳೆಬತ್ತಿಯನ್ನೂ ಏರ್ ಪಂಪಿನಿಂದ ದೂರವಿಡಿ, ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುವುದು.

ಕಲ್ಲು ಜೋಡಿಸುವಾಗ ಮೊದಲು ಕಲ್ಲು, ಆಮೇಲೆ ಮರಳು. ಮರಳ ಮೇಲೆ ಕೂರಿಸಿದ ಕಲ್ಲು, ಬಿಲ ತೋಡುವ ಜೀವಿ ಬಂದ ದಿನ ಉರುಳುತ್ತದೆ. ಹೊಸಬರು ಹಿಂದಿನ ಗಾಜಿಗೆ ಒರಗಿಸಿ ಕಲ್ಲುಗೋಡೆ ಕಟ್ಟಿಬಿಡುತ್ತಾರೆ. ನೀರು ಸುಳಿದಾಡಲು ಜಾಗವಿಲ್ಲ, ನೋಡಲೂ ಬೇಸರ. ಒಂದು ಪಕ್ಕಕ್ಕೆ ದೊಡ್ಡ ಗುಡ್ಡ, ಇನ್ನೊಂದು ಪಕ್ಕಕ್ಕೆ ಸಣ್ಣದು, ನಡುವೆ ಖಾಲಿ ಮರಳು. ಖಾಲಿ ಬಿಡುವುದಕ್ಕೆ ಧೈರ್ಯ ಬೇಕು.

ಆಮೇಲೆ ಕಾಯುವುದು. ಕೊಳೆಯುವ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ. ಈ ಸಂಸಾರ ಕಲ್ಲಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ತೊಟ್ಟಿಯಲ್ಲಿ ಮೀನಿಲ್ಲ. ಕಂದು ಧೂಳು ಕೂರುತ್ತದೆ, ಹಸಿರು ಪಾಚಿ ಬರುತ್ತದೆ, ಮನೆಗೆ ಬಂದವರು ಖಾಲಿ ನೀರಿಗೆ ಲೈಟ್ ಹಾಕಿದ್ದೀರಲ್ಲ ಎನ್ನುತ್ತಾರೆ. ಅನ್ನಲಿ ಬಿಡಿ.

ಬೆಳಕು ದಿನಕ್ಕೆ ಎಂಟು ಗಂಟೆ, ನೀಲಿ ಹೆಚ್ಚಿರುವ ಎಲ್‌ಇಡಿ. ಶಾಖ 25-26 ಡಿಗ್ರಿ. ನಮ್ಮ ಪುಷ್ಯಮಾಸದ ರಾತ್ರಿಗಳಿಗೆ ಸಣ್ಣ ಹೀಟರ್ ಬೇಕು. ಬೇಸಿಗೆಗೆ ನೀರಿನ ಮೇಲೆ ಗಾಳಿ ಹಾಯಿಸುವ ಪುಟ್ಟ ಫ್ಯಾನು ಎರಡು-ಮೂರು ಡಿಗ್ರಿ ಇಳಿಸುತ್ತದೆ. ಶಾಖ ಏರಿ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲೂ 2016ರಲ್ಲೂ ಆದದ್ದು ಇದೇ. ಇನ್ನು ಕರೆಂಟು. ಹೋದರೆ ಬೆಳಕಿಲ್ಲದೆ ಒಂದು ದಿನ ನಡೆದೀತು. ನೀರಿನ ಓಟ ನಿಂತರೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಗ್ಗುತ್ತದೆ. ಬ್ಯಾಟರಿಯಿಂದ ನಡೆಯುವ ಏರ್ ಪಂಪು ನಮ್ಮ ಹಳ್ಳಿಗಳಲ್ಲಿ ಮೀನಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು.

ಏನನ್ನು ಸಾಕಬೇಕು ಎನ್ನುವಲ್ಲಿ ಕಾನೂನು ಬರುತ್ತದೆ. 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿ ಇರುವ ಅನುಸೂಚಿ ಅದು. ಸಮುದ್ರದಿಂದ ಕಿತ್ತ ಹವಳದ ಕಲ್ಲನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೈಮುಗಿದು ಕಳಿಸಿ. ಇದಕ್ಕೆಂದೇ ಮಾಡಿದ ಸೆರಾಮಿಕ್ ಕಲ್ಲು ಸಾಕು. ಸಣ್ಣ ತೊಟ್ಟಿಗೆ ಮೆತ್ತನೆ ಜಾತಿಗಳೇ ಸೊಗಸು: ಬಿಲ್ಲೆ ಬಿಲ್ಲೆಯಾಗಿ ಹರಡುವ ಜೋವಾ, ಅಣಬೆ ಹವಳ, ಚರ್ಮದಂಥ ಲೆದರ್ ಹವಳ. ಜೋವಾಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು ಹಾಕಿಯೇ ಮುಟ್ಟಬೇಕು. ಕಲ್ಲು ಶುದ್ಧ ಮಾಡುತ್ತೇನೆಂದು ಒಲೆಯ ಮೇಲಿಟ್ಟು ಕುದಿಸಲೇಬಾರದು. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ.

ಮೀನು ಎಂದರೆ ಮಕ್ಕಳು ಬೆರಳು ತೋರುವುದು ಕೇಸರಿ-ಬಿಳಿ ಪಟ್ಟೆಯ ಕ್ಲೌನ್ ಮೀನನ್ನು, ಅವರ ಬಾಯಲ್ಲಿ ನೀಮೋ. ಹ್ಯಾಚರಿಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ಪಡೆಯಿರಿ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಇದನ್ನು ಮರಿ ಮಾಡಿಸುವ ವಿಧಾನ ರೂಪಿಸಿದೆ. ಗುಂಪಿನಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಮನೆ ನಡೆಸುತ್ತದೆ.

ನನ್ನ ಮೆಚ್ಚಿನ ಜೋಡಿ ಬೇರೆ. ಗೋಬಿ ಮೀನು ಮತ್ತು ಪಿಸ್ತೂಲ್ ಸೀಗಡಿ. ಮಂಚೂರಿಯ ಗೋಬಿಯಲ್ಲ, ಬೆರಳುದ್ದದ ಮೀನು. ಸೀಗಡಿಗೆ ಕಣ್ಣು ಮಂಜು, ಆದರೆ ಬಿಲ ತೋಡುವುದರಲ್ಲಿ ಅದರ ಸಮ ಇಲ್ಲ. ಇಡೀ ದಿನ ಮರಳು ಹೊತ್ತು ಹೊರಗೆ ಹಾಕುತ್ತದೆ. ಮೀನಿಗೆ ತೋಡಲು ಬಾರದು, ಕಣ್ಣು ಚುರುಕು. ಅದು ಬಾಗಿಲಲ್ಲಿ ಕಾವಲು ಕೂರುತ್ತದೆ. ಸೀಗಡಿ ಹೊರಬಂದಾಗಲೆಲ್ಲ ತನ್ನ ಉದ್ದ ಮೀಸೆಯೊಂದನ್ನು ಮೀನಿನ ಮೈಮೇಲೆ ಇಟ್ಟೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತದೆ. ಮೀಸೆಗೆ ಸುದ್ದಿ ಮುಟ್ಟಿ ಸೀಗಡಿ ಒಳಗೆ. ಇನ್ನೂ ಹೆಚ್ಚಿನ ಗಾಬರಿಯಾದರೆ ಎರಡೂ ಒಳಗೆ, ಮೀನು ತಲೆ ಮುಂದು ಮಾಡಿ. ಇದನ್ನು ನೋಡುತ್ತಾ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದು.

ಆ ಸೀಗಡಿಯ ಒಂದು ಕೊಂಡಿ ದಪ್ಪ. ಅದನ್ನು ಮುಚ್ಚಿದರೆ ಚಟ್ ಎಂದು ಗಾಜಿನಾಚೆಗೂ ಕೇಳಿಸುತ್ತದೆ. ಕೊಂಡಿಯ ಎರಡು ತುದಿ ಬಡಿದ ಸದ್ದು ಎಂದೇ ಬಹುಕಾಲ ತಿಳಿದಿದ್ದರು. 2000ದಲ್ಲಿ ವಿಜ್ಞಾನಿಗಳು ವೇಗದ ಕ್ಯಾಮೆರಾದಲ್ಲಿ ಹಿಡಿದಾಗ ಬೇರೆಯೇ ಕಂಡಿತು. ಕೊಂಡಿ ಚಿಮ್ಮಿಸುವ ನೀರಿನ ರಭಸಕ್ಕೆ ಒಂದು ಗುಳ್ಳೆ ಹುಟ್ಟಿ, ಆ ಗುಳ್ಳೆ ಕುಸಿಯುವಾಗ ಸದ್ದಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಸದ್ದಿಗೆ ಕಿವಿಗೊಟ್ಟು ಕೂತ ನೌಕಾಪಡೆಯವರಿಗೆ ಇವುಗಳ ಗದ್ದಲವೇ ದೊಡ್ಡ ತಲೆನೋವಾಗಿತ್ತು. ಹವಳದ ಬಣ್ಣವನ್ನು ರೇಡಿಯೋದಲ್ಲಿ ತೋರಿಸಲಾರೆ. ಈ ಚಟ್ ಒಂದನ್ನಾದರೂ ಕೇಳಿಸಬಹುದಿತ್ತು, ಸೀಗಡಿ ಸ್ಟುಡಿಯೋಗೆ ಬರಲು ಒಪ್ಪಬೇಕಲ್ಲ.

ಬರಗಾಲದ ಊರಿನಲ್ಲಿ ಇದೊಂದು ದಂಡದ ಖರ್ಚಲ್ಲವೇ ಎಂದು ಕೇಳಿದರೆ ಪ್ರಶ್ನೆ ನ್ಯಾಯವೇ. ವಾರಕ್ಕೆ 5 ಲೀಟರ್, ಜೊತೆಗೆ ಆರಿದ್ದಕ್ಕೆ ಒಂದಷ್ಟು. ಒಂದು ಬೈಕು ತೊಳೆಯಲು ಇದಕ್ಕಿಂತ ಹೆಚ್ಚು ಸುರಿಯುತ್ತೇವೆ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಮಾತ್ರ ತೆಂಗಿನ ಬುಡಕ್ಕೂ ಹಿತ್ತಲಿನ ಸೊಪ್ಪಿಗೂ ಹಾಕಬೇಡಿ. 5 ಲೀಟರಿನಲ್ಲಿ 175 ಗ್ರಾಂ ಉಪ್ಪಿರುತ್ತದೆ, ವಾರ ವಾರ ಬಿದ್ದರೆ ಮಣ್ಣು ಕೆಡುತ್ತದೆ.

ಹವಳ ಬೆಳೆದು ಕಲ್ಲು ಸಾಲದಾದಾಗ ಒಂದು ತುಂಡು ಕತ್ತರಿಸಿ ಇನ್ನೊಬ್ಬರಿಗೆ ಕೊಡುವುದು ವಾಡಿಕೆ. ಹವ್ಯಾಸಿಗಳು ಅದನ್ನು ಫ್ರ್ಯಾಗ್ ಎನ್ನುತ್ತಾರೆ. ಬೆಂಗಳೂರಿನಿಂದ ಚೀಲದಲ್ಲಿ ಕಟ್ಟಿಸಿಕೊಂಡು, ಬಿಸಿಲು ತಾಗದಂತೆ ಥರ್ಮಕೋಲ್ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತರಬಹುದು. ಮನೆಗೆ ಬಂದೊಡನೆ ಬಿಚ್ಚಬೇಡಿ. ಚೀಲವನ್ನು ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು ಶಾಖ ಸರಿದೂಗಲಿ. ಆಮೇಲೆ ನಿಮ್ಮ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ತುಂಡಿನ ಅಡಿ ತಿರುಗಿಸಿ ಏಪ್ಟೇಸಿಯಾ ಎಂಬ, ಕಳೆಯಂತೆ ಹಬ್ಬುವ ಕಂದು ಜೀವಿ ಅಂಟಿದೆಯೇ ನೋಡಿ, ಒಮ್ಮೆ ಹೊಕ್ಕರೆ ಅದು ತೊಟ್ಟಿಯನ್ನೇ ಆಕ್ರಮಿಸುತ್ತದೆ. ಕಳೆ ಇಲ್ಲದ ತುಂಡನ್ನು ಮಾತ್ರ ಒಳಗಿಡಿ, ಮೊದಲ ವಾರ ಬೆಳಕು ಕಮ್ಮಿ ಬೀಳುವ ಕೆಳಗಿನ ಜಾಗದಲ್ಲಿ. ಚೀಲದ ನೀರು ಬಚ್ಚಲಿಗೆ.