ರಕ್ತದ ಸರದಿ

ಗೋವೆಯ ಜುವಾರಿನಗರದಲ್ಲಿ ಕೂಲಿಗೆಂದು ನೆಲೆನಿಂತ ಗದಗ, ವಿಜಯಪುರಗಳ ಕಡೆಯ ಸಂಸಾರವೊಂದರಲ್ಲಿ ಥಲಸ್ಸೇಮಿಯಾ ಎಂಬ ರಕ್ತವ್ಯಾಧಿಯಿಂದ ಪೀಡಿತ ಶಿಶುವಿದ್ದರೆ, ಎರಡು ಮೂರು ವಾರಗಳಿಗೊಮ್ಮೆ, ಅದರ ಮೊಗ ಬಿಳಿಚಿಕೊಳ್ಳುವ ಮೊದಲೇ, ತಾಯಿ ಬುತ್ತಿ ಕಟ್ಟಿ, ತಂದೆ ಅಂದಿನ ಪಗಾರವನ್ನು ಬಿಟ್ಟು, ಬಸ್ಸಿನಲ್ಲಿ ಜುವಾರಿ ಸೇತುವೆ ದಾಟಿ ಅದಕ್ಕೆ ರಕ್ತ ಏರಿಸಲೆಂದು ಬಾಂಬೋಳಿಯ ಆಸ್ಪತ್ರೆಗೆ ಹೋಗಲೇಬೇಕು. ಏರಿಸಿದ ರಕ್ತದೊಡನೆ ಹೃದಯ, ಯಕೃತ್ತುಗಳಲ್ಲಿ ಸಂಚಯವಾಗುವ ಕಬ್ಬಿಣವನ್ನು ಹೊರಹಾಕಲು ನಿತ್ಯವೂ ಔಷಧ ಬೇರೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ವ್ಯಾಧಿಯನ್ನೂ ವೈಕಲ್ಯವೆಂದು ಅಂಗೀಕರಿಸಿದೆಯಾದರೂ, ಕೊಂಕಣಿ ಬಾರದ ಆ ತಾಯಿಗೆ ಪ್ರಮಾಣಪತ್ರ ಕೈಸೇರುವುದು ಯಾರಾದರೂ ಜೊತೆಗೆ ಹೋಗಿ ಅರ್ಜಿ ಬರೆದುಕೊಟ್ಟಾಗಲೇ. ಹಣ್ಣು ಹಿಡಿದು ಬಂದು ನಿಟ್ಟುಸಿರಿಡುವವರು ನಮ್ಮಲ್ಲಿ, ದೇವರ ದಯೆ, ಬೇಕಾದಷ್ಟಿದ್ದಾರೆ. ಮನೆಯಲ್ಲುಳಿದ ಇನ್ನೊಂದು ಕೂಸಿಗೆ ಆ ಮಧ್ಯಾಹ್ನ ಊಟವಿಕ್ಕುವವರು ವಿರಳ. ಇಂಥ ಶಿಶುಗಳಿಗೆ ಬೇಕಾದ ರಕ್ತದ ದಾನವನ್ನಾದರೋ ಆರೋಗ್ಯವಂತ ಪುರುಷನು ಮೂರು ತಿಂಗಳಿಗೊಮ್ಮೆ, ಸ್ತ್ರೀಯು ನಾಲ್ಕು ತಿಂಗಳಿಗೊಮ್ಮೆ ಮಾಡಬಹುದಾಗಿದೆ.